ಅಪ್‌ಡೇಟ್: ರೂಡೆಸ್‌ಹೈಮ್‌ಗೆ ಹೋಗಿ ಬಂದೆವು

ಫ್ರಾಂಕ್‌ಫರ್ಟ್‌ನಿಂದ ಗೆಳೆಯರ ಜೊತೆ ಕಾರಿಲ್ಲದೆ ಒಂದೇ ದಿನದಲ್ಲಿ ಜರ್ಮನಿಯ ರೈನ್ ನದಿ ದಡದ ವೈನ್ ಊರು ರೂಡೆಸ್‌ಹೈಮ್ ನೋಡಿ ಬರಬಹುದಾ ಎಂದು ಕೇಳಿದ್ದೆ. ಆರಾಮಾಗಿ ಆಗುತ್ತದೆ!

ರೈಲಿನಲ್ಲಿ ಹೋಗಿ ಎಂದವರಿಗೆ ಥ್ಯಾಂಕ್ಸ್. ಸುಮಾರು ಒಂದೂಕಾಲು ಗಂಟೆ, ವೈನ್ ಕುಡಿದ ಮೇಲೆ ಗಾಡಿ ಓಡಿಸುವ ಚಿಂತೆಯೂ ಇಲ್ಲ. ರಿಂಗ್ ಟಿಕೆಟ್ (ಕೇಬಲ್ ಕಾರ್, ಚೇರ್‌ಲಿಫ್ಟ್, ದೋಣಿ ಎಲ್ಲಕ್ಕೂ ಒಂದೇ ಟಿಕೆಟ್) ಸಲಹೆ ತುಂಬಾ ಕೈಹಿಡಿಯಿತು. ದ್ರಾಕ್ಷಿ ತೋಟಗಳ ಮೇಲೆ ಕೇಬಲ್ ಕಾರ್, ಜರ್ಮನಿ ಒಂದಾದ ನೆನಪಿನ 1883ರ ನೀಡರ್‌ವಾಲ್ಡ್ ಸ್ಮಾರಕ, ಕಾಡಿನಲ್ಲಿ ನಡಿಗೆ, ಚೇರ್‌ಲಿಫ್ಟ್‌ನಲ್ಲಿ ಪಕ್ಕದ ಊರು ಅಸ್‌ಮನ್ಸ್‌ಹೌಸೆನ್‌ಗೆ ಇಳಿದು ರೈನ್ ನದಿಯಲ್ಲಿ ದೋಣಿಯಲ್ಲಿ ವಾಪಸ್. ಸ್ಮಾರಕದ ಹತ್ತಿರದಿಂದ ಕಾಣುವ ನದಿಯನ್ನು ಮರೆಯೋಕಾಗಲ್ಲ.

ರೂಡೆಸ್‌ಹೈಮ್‌ನ ಹೆಸರಾಂತ ಓಣಿ ಡ್ರೋಸೆಲ್‌ಗಾಸೆಯಲ್ಲಿ ಮಧ್ಯಾಹ್ನದ ಊಟ ಮಾತ್ರ ನಮಗೆ ಹಿಡಿಸಲಿಲ್ಲ. ಓಣಿ ಕಿರಿದು, ಜನ ಜಾಸ್ತಿ. ಬೆಳಿಗ್ಗೆ ಬೇಗ ಸುತ್ತಿಬಿಡಿ.

ಒಂದು ಆಶ್ಚರ್ಯ: ಸುತ್ತೆಲ್ಲ ರೀಸ್ಲಿಂಗ್ ಬಿಳಿ ವೈನ್, ಆದರೆ ಅಸ್‌ಮನ್ಸ್‌ಹೌಸೆನ್ ಹೆಸರಾಗಿರುವುದು ಕೆಂಪು ವೈನ್‌ಗೆ!