ಓದುಗರ ಸ್ಪಂದನ: ‘ಕನ್ನಡ ಬಾರದ ಇಮಾಮ ನಾನು, ಊರಿಗೆ ಹೊರಟುಬಿಡಲೆ?’

(ಬಿಹಾರದಿಂದ ಬಂದು ಚಿಂತಾಮಣಿ ಸೀಮೆಯ ಹಳ್ಳಿಯೊಂದರ ಮಸೀದಿಯಲ್ಲಿ ಆರು ವರ್ಷದಿಂದ ಇರುವ ಇಮಾಮರು ಶಿಷ್ಯನ ಕೈಲಿ ಬರೆಸಿದ್ದ ಪತ್ರಕ್ಕೆ ಬಂದ ಉತ್ತರಗಳು. ಶುಕ್ರವಾರದ ಮಾತು ಕನ್ನಡದಲ್ಲಿರಲಿ ಎಂದು ಹುಡುಗರು, ಉರ್ದು ಬಿಡಬೇಡಿ ಎಂದು ಹಿರಿಯರು. ಹೆಂಡತಿ ಮಕ್ಕಳು ಬಿಹಾರದಲ್ಲೇ.)

ಮೌಲಾನಾ ಅವರೇ, ಕಾಗುಣಿತ ತಪ್ಪದೆ ಪತ್ರ ಬರೆದ ಆ ಹುಡುಗನೇ ನಿಮ್ಮ ಮೇಷ್ಟ್ರು. ಬೆಳಗಿನ ನಮಾಜಾದ ಮೇಲೆ ಮಕ್ಕಳಿಗೆ ಅಲಿಫ್ ಬೇ ಹೇಳಿಕೊಡ್ತೀರಲ್ಲ, ಅದು ಮುಗಿದ ಮೇಲೆ ಹತ್ತು ನಿಮಿಷ ಅವರು ನಿಮಗೆ ಅ ಆ ತಿದ್ದಿಸಲಿ. ತಪ್ಪಿಗೆ ಹೆದರಬೇಡಿ, ನಮ್ಮ ಕಡೆ ಕನ್ನಡದಲ್ಲಿ ಅರ್ಧ ತೆಲುಗೇ. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಕೂಸು ಎತ್ತಿಕೊಂಡು, ದುವಾ ಓದಿಸಿ ಊದಿಸೋಕೆ ಮಸೀದಿ ಬಾಗಿಲಲ್ಲಿ ಹೆಂಗಸರು ನಿಲ್ತಾರಲ್ಲ (ಮಗನಿಗೆ ಜ್ವರ ಬಂದಾಗ ನಾನೂ ನಿಂತವಳೇ), ಅವರನ್ನ ‘ಎಷ್ಟು ದಿನದಿಂದಮ್ಮ?’ ಅಂತ ಕೇಳೋಷ್ಟು ಮೊದಲು ಬರಲಿ. ‘ಡಾಕ್ಟರಿಗೆ ತೋರಿಸಿದಿರಾ?’ ಅನ್ನೋದನ್ನೂ ಜೊತೆಗೇ ಕಲಿತುಬಿಡಿ.
– ನಿವೃತ್ತ ಶಿಕ್ಷಕಿ, ಚಿಂತಾಮಣಿ

ಹಜರತ್, ಅಸ್ಸಲಾಮು ಅಲೈಕುಂ. ಶುಕ್ರವಾರ ನಮಾಜಿಗೆ ಮುಂಚೆ ಓದೋ ಖುತ್ಬಾ ಹೇಗೂ ಅರಬ್ಬಿಯಲ್ಲೇ, ಅದನ್ನ ಯಾರೂ ಮುಟ್ಟಲ್ಲ. ತಕರಾರಿರೋದು ಅದಕ್ಕೂ ಮುಂಚಿನ ಉಪದೇಶದ ಮಾತಿಗೆ, ಅಂದರೆ ಬಯಾನಿಗೆ ಮಾತ್ರ. ನಮ್ಮಲ್ಲಿ ಹಜರತ್ ಉರ್ದುವಲ್ಲಿ ಹೇಳ್ತಾರೆ, ಡಿಗ್ರಿ ಓದೋ ಹುಡುಗನೊಬ್ಬ ಕೊನೆಗೆ ಐದು ನಿಮಿಷ ಕನ್ನಡದಲ್ಲಿ ಹೇಳ್ತಾನೆ. ಹಿರಿಯರ ವಿಷಯ ನಾನು ಹೇಳಿದೆ ಅನ್ನಬೇಡಿ: ನಾವಾಡೋದು ‘ನಕ್ಕೋ’, ‘ಹೌ’ ಅನ್ನೋ ದಖ್ಖನಿ, ನಿಮ್ಮ ಮದರಸಾ ಉರ್ದು ಅವರಿಗೂ ಅರ್ಧಂಬರ್ಧ. ಮರ್ಯಾದೆಗೆ ತಲೆ ಆಡಿಸ್ತಾರೆ.
ಅಸಲು ಸಂಕಟ ಸಂಸಾರದ್ದು ಅನ್ನಿಸ್ತು. ಮಸೀದಿ ಪಕ್ಕ ಒಂದು ರೂಮು, ಸರದಿ ಮೇಲೆ ಮನೆಗಳಿಂದ ಬರೋ ಕ್ಯಾರಿಯರ್ ಊಟ, ಇದರಲ್ಲಿ ಹೆಂಡತೀನ ಎಲ್ಲಿ ಕರೆಸ್ತೀರಿ? ವಕ್ಫ್ ಮಂಡಳಿಗಳು ಇಮಾಮರಿಗೆ ಸಂಬಳ ಕೊಡಬೇಕು ಅಂತ ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ. ಮಂಡಳಿಯ ಗೌರವಧನಕ್ಕೆ ನಿಮ್ಮ ಕಮಿಟಿ ಅರ್ಜಿ ಹಾಕಿದೆಯಾ, ವಿಚಾರಿಸಿ. ಮಸೀದಿ ಆಡಳಿತ ನೋಡೋ ಮುತವಲ್ಲಿ ಮುಂದೆ ಬಾಯಿ ಬರದಿದ್ರೆ ಆ ಹುಡುಗರನ್ನೇ ಕಳಿಸಿ. ಕನ್ನಡ ಬಯಾನ್ ಬೇಕು ಅನ್ನೋರು ಒಂದು ಬಾಡಿಗೆ ಮನೆಯನ್ನೂ ಹುಡುಕಿಕೊಡಲಿ!
– ಮಸೀದಿ ಕಮಿಟಿ ಸದಸ್ಯ, ಶಿರಾ

ಚಾಚಾ, ನನ್ನ ಅಬ್ಬಾ ಕೂಡ ಉತ್ತರ ಪ್ರದೇಶದಿಂದ ಬಂದ ಇಮಾಮರು. ಊರಿಗೆಲ್ಲ ಈದ್ ನಮಾಜು ಮಾಡಿಸೋರು ಅವರೇ ಆದ್ದರಿಂದ ಹಬ್ಬಕ್ಕೆ ಒಂದು ವರ್ಷವೂ ಮನೆಗೆ ಬಂದವರಲ್ಲ. ನನಗೆ ನಾಲ್ಕು ವರ್ಷವಾದಾಗ ಅಮ್ಮಿನ, ನನ್ನ ಇಲ್ಲಿಗೆ ಕರೆಸಿಕೊಂಡರು. ಅಬ್ಬಾ ಇನ್ನೂ ‘ಬನ್ನಿ, ಕೂತ್ಕೊಳ್ಳಿ’ಯಲ್ಲೇ ಇದ್ದಾಗ ಅಮ್ಮಿ ಬೀದಿ ನಲ್ಲಿ ಹತ್ರ ಬಿಂದಿಗೆ ಸರದಿಗೆ ಕನ್ನಡದಲ್ಲೇ ಜಗಳ ಆಡ್ತಿದ್ದಳು.
– ಗೌರಿಬಿದನೂರಿನ ಓದುಗಿ