ಹತ್ತು ವರ್ಷದ ಮಗ ಈಗಲೂ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ: ಶಾಲೆಯ ಪ್ರವಾಸಕ್ಕೆ ಕಳುಹಿಸಬಹುದೇ?

ಪ್ರಶ್ನೆ: ರಾಜಾಜಿನಗರದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 10 ವರ್ಷ. ಐದನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಹಗಲಿನಲ್ಲಿ ಅವನಿಗೆ ಯಾವ ತೊಂದರೆಯೂ ಇಲ್ಲ. ರಾತ್ರಿ ಮಾತ್ರ ವಾರದಲ್ಲಿ ನಾಲ್ಕೈದು ದಿನ ಹಾಸಿಗೆ ಒದ್ದೆಯಾಗುತ್ತದೆ. ಚಿಕ್ಕಂದಿನಿಂದಲೂ ಹೀಗೆಯೇ ಇದೆ. ನಡುವೆ ಕೆಲವು ತಿಂಗಳು ನಿಂತು ಮತ್ತೆ ಶುರುವಾಯಿತು ಎನ್ನುವ ಹಾಗಿಲ್ಲ. ನಿದ್ರೆ ಬಹಳ ಗಾಢ. ರಾತ್ರಿ ಹನ್ನೊಂದು ಗಂಟೆಗೆ ನಾನು ಅಥವಾ ಯಜಮಾನರು ಅವನನ್ನು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗುತ್ತೇವೆ. ಅರೆನಿದ್ರೆಯಲ್ಲಿಯೇ ಹೋಗಿ ಬಂದು ಮಲಗುತ್ತಾನೆ, ಬೆಳಿಗ್ಗೆ ಕೇಳಿದರೆ ಎದ್ದಿದ್ದೇ ನೆನಪಿರುವುದಿಲ್ಲ, ಇಷ್ಟಾದರೂ ನಾಲ್ಕು ಗಂಟೆಯ ಹೊತ್ತಿಗೆ ಹಾಸಿಗೆ ಒದ್ದೆಯಾಗಿರುತ್ತದೆ.

ಅತ್ತೆಯವರು ಚಳಿಗಾಲದಲ್ಲಿ ಎಳ್ಳುಂಡೆ ಮಾಡಿ ಕೊಡುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಮನೆಗೆ ಬರುವ ಕೆಲವು ಬಂಧುಗಳು, ನಾಲ್ಕು ಜನರೆದುರು ನಾಚಿಕೆಯಾಗುವಂತೆ ಮಾಡಿದರೆ ತಾನೇ ನಿಲ್ಲುತ್ತದೆ ಎಂದು ಅವನಿಗೆ ಕೇಳಿಸುವಂತೆಯೇ ಹೇಳುತ್ತಾರೆ. ಈ ಮಳೆಯಲ್ಲಿ ಅಪಾರ್ಟ್‌ಮೆಂಟಿನ ಸಣ್ಣ ಬಾಲ್ಕನಿಯಲ್ಲಿ ಹಾಸಿಗೆ ಒಣಗುವುದಿಲ್ಲ ಎನ್ನುವ ಕಷ್ಟವನ್ನು ಹೇಗಾದರೂ ನಿಭಾಯಿಸಬಹುದು. ತಂಗಿ ಏಳುವುದಕ್ಕಿಂತ ಮೊದಲೇ ಅವನು ಸದ್ದಿಲ್ಲದೆ ಎದ್ದು ಬೆಡ್‌ಶೀಟನ್ನು ವಾಷಿಂಗ್ ಮೆಷಿನ್ನಿಗೆ ಹಾಕುವುದನ್ನು ನೋಡಿದಾಗ ಮಾತ್ರ ನನಗೆ ತಡೆಯಲಾಗುವುದಿಲ್ಲ.

ಡಿಸೆಂಬರಿನಲ್ಲಿ ಶಾಲೆಯಿಂದ ಹಂಪಿಗೆ ಎರಡು ರಾತ್ರಿಗಳ ಪ್ರವಾಸವಿದೆ. ತನಗೆ ಇಷ್ಟವಿಲ್ಲ, ಹೋಗುವುದಿಲ್ಲ ಎಂದು ಹೇಳಿಬಿಟ್ಟಿದ್ದಾನೆ. ಆದರೆ ಕಲ್ಲಿನ ರಥದ ಚಿತ್ರವನ್ನು ಬರೆದು ಗೋಡೆಗೆ ಅಂಟಿಸಿಕೊಂಡಿರುವವನೂ ಅವನೇ. ಇದು ಕಾಯಿಲೆಯೇ? ಯಾವ ವೈದ್ಯರ ಬಳಿ ಹೋಗಬೇಕು? ಮಾತ್ರೆ ಇದೆ ಎನ್ನುತ್ತಾರೆ, ಅದನ್ನು ಕೊಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಕ್ಕಳ ವೈದ್ಯೆ, ಜಯನಗರ

ನಿಮ್ಮ ಮಗ ಇದನ್ನು ಬೇಕೆಂದು ಮಾಡುತ್ತಿಲ್ಲ, ಸೋಮಾರಿತನದಿಂದಲೂ ಮಾಡುತ್ತಿಲ್ಲ. ಈ ಮಾತನ್ನು ಆ ಬಂಧುಗಳಿಗೆ ನೀವು ಅವನ ಎದುರಿನಲ್ಲಿಯೇ ಹೇಳಬೇಕೆಂದು ನನ್ನ ಕೋರಿಕೆ. ಐದು ವರ್ಷದ ಮಕ್ಕಳಲ್ಲಿ ಸುಮಾರು ಶೇ 15ರಷ್ಟು, ಹತ್ತು ವರ್ಷದವರಲ್ಲಿ ಸುಮಾರು ಶೇ 5ರಷ್ಟು ಮಕ್ಕಳಿಗೆ ಈ ತೊಂದರೆ ಇರುತ್ತದೆ. ಎಂದರೆ 40 ಮಕ್ಕಳ ತರಗತಿಯಲ್ಲಿ ಅವನಂತೆಯೇ ಇನ್ನೊಬ್ಬರಿರುವ ಸಾಧ್ಯತೆ ಸಾಕಷ್ಟಿದೆ. ಆ ಮಗುವೂ ಯಾರಿಗೂ ಹೇಳಿಕೊಂಡಿರುವುದಿಲ್ಲ.

ರಾತ್ರಿ ನಾವು ಮಲಗಿದಾಗ ಮಿದುಳಿನಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ ಬಿಡುಗಡೆಯಾಗುತ್ತದೆ. ಅದರಿಂದ ಮೂತ್ರಪಿಂಡಗಳು ಹಗಲಿಗಿಂತ ಕಡಿಮೆ ಮೂತ್ರವನ್ನು ತಯಾರಿಸುತ್ತವೆ. ಕೆಲವು ಮಕ್ಕಳಲ್ಲಿ ಈ ಏರಿಕೆ ಸಾಕಷ್ಟು ಆಗುವುದಿಲ್ಲ, ಇನ್ನು ಕೆಲವರಲ್ಲಿ ಮೂತ್ರಕೋಶ ವಯಸ್ಸಿಗೆ ತಕ್ಕಷ್ಟು ಹಿಡಿದಿಟ್ಟುಕೊಳ್ಳುವುದಿಲ್ಲ. ಎರಡರಲ್ಲಿ ಯಾವುದೇ ಇದ್ದರೂ, ತುಂಬಿದ ಮೂತ್ರಕೋಶದ ಸೂಚನೆಗೆ ನಿದ್ರೆಯಲ್ಲಿರುವ ಮಿದುಳು ಎಚ್ಚರಗೊಂಡಿದ್ದರೆ ಮಗು ಎದ್ದು ಹೋಗುತ್ತಿತ್ತು. ಎಚ್ಚರವಾಗದಿರುವುದೇ ಇಲ್ಲಿನ ಮುಖ್ಯ ತೊಡಕು. ಇದು ವಂಶದಲ್ಲಿ ಬರುತ್ತದೆ. ತಂದೆತಾಯಿಯರಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಇದ್ದಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಶೇ 44, ಇಬ್ಬರಿಗೂ ಇದ್ದಿದ್ದರೆ ಸುಮಾರು ಶೇ 77. ಮನೆಯ ಹಿರಿಯರನ್ನು ಒಮ್ಮೆ ವಿಚಾರಿಸಿ ನೋಡಿ.

ಹನ್ನೊಂದು ಗಂಟೆಗೆ ಎಬ್ಬಿಸುವುದರಿಂದ ಆ ರಾತ್ರಿಯ ಹಾಸಿಗೆ ಉಳಿಯಬಹುದು, ಆದರೆ ಅರೆನಿದ್ರೆಯಲ್ಲಿ ಹೋಗಿ ಬರುವ ಮಗು ಅದರಿಂದ ಎಚ್ಚರಗೊಳ್ಳುವುದನ್ನು ಕಲಿಯುವುದಿಲ್ಲ. ನಾನು ಹಗಲಿನಿಂದ ಆರಂಭಿಸಲು ಹೇಳುತ್ತೇನೆ. ಶಾಲೆಗೆ ಒಯ್ದ ನೀರಿನ ಬಾಟಲಿ ಸಂಜೆ ಹೇಗೆ ಮರಳುತ್ತದೆ ಎಂಬುದನ್ನು ಗಮನಿಸಿ. ನಮ್ಮ ಊರಿನ ಹೆಚ್ಚಿನ ಮಕ್ಕಳು ಹಗಲೆಲ್ಲ ಬಾಯಾರಿ ಇದ್ದು, ಮನೆಗೆ ಬಂದ ಮೇಲೆ ಒಂದೇ ಸಮನೆ ನೀರು ಕುಡಿದು, ಟ್ಯೂಷನ್ ಮುಗಿಸಿ ರಾತ್ರಿ ಒಂಬತ್ತೂವರೆಗೆ ಸಾರನ್ನ, ಮಜ್ಜಿಗೆ ಅನ್ನ ಉಂಡು, ಮಲಗುವಾಗ ಒಂದು ದೊಡ್ಡ ಲೋಟ ಹಾಲು ಕುಡಿಯುತ್ತಾರೆ. ಸಾರು, ಮಜ್ಜಿಗೆ, ಹಾಲು ಎಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ದಿನದ ನೀರಿನಲ್ಲಿ ಐದರಲ್ಲಿ ಎರಡು ಪಾಲು ಮಧ್ಯಾಹ್ನದ ಒಳಗೆ, ಇನ್ನೆರಡು ಪಾಲು ಸಂಜೆ ಐದರ ಒಳಗೆ, ಉಳಿದ ಒಂದು ಪಾಲು ಮಾತ್ರ ಆಮೇಲೆ ಹೋಗುವಂತೆ ನೋಡಿಕೊಳ್ಳಿ. ಒಟ್ಟು ಪ್ರಮಾಣವನ್ನು ಕಡಿಮೆ ಮಾಡಬೇಡಿ. ಸಂಜೆಯ ಕಾಫಿ, ಟೀ, ಕೋಲಾಗಳನ್ನು ಬಿಡಿಸಿ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಗಂಟೆ ಮೊದಲು ಮುಗಿದರೆ ಒಳ್ಳೆಯದು.

ಒಂದು ಭಾನುವಾರ ಅಳತೆಯ ಜಗ್ ಕೊಟ್ಟು, ಅವನು ಪ್ರತಿ ಸಲ ಎಷ್ಟು ಮೂತ್ರ ಮಾಡುತ್ತಾನೆ ಎಂಬುದನ್ನು ಬರೆದಿಡಿ. ವಯಸ್ಸಿಗೆ ಒಂದನ್ನು ಕೂಡಿ 30ರಿಂದ ಗುಣಿಸಿದರೆ ಮೂತ್ರಕೋಶದ ನಿರೀಕ್ಷಿತ ಸಾಮರ್ಥ್ಯ ಸಿಗುತ್ತದೆ. ನಿಮ್ಮ ಮಗನಿಗೆ ಅದು 330 ಮಿಲಿಲೀಟರ್. ಎಲ್ಲ ಸಲವೂ ಅದಕ್ಕಿಂತ ತುಂಬ ಕಡಿಮೆ ಇದ್ದರೆ ವೈದ್ಯರಿಗೆ ಅದೇ ದೊಡ್ಡ ಸುಳಿವು. ಮಲವಿಸರ್ಜನೆ ದಿನವೂ ಸರಿಯಾಗಿ ಆಗುತ್ತಿದೆಯೇ ಎಂಬುದನ್ನೂ ತಪ್ಪದೆ ನೋಡಿ. ಗಟ್ಟಿ ಮಲ ತುಂಬಿಕೊಂಡ ಗುದನಾಳವು ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ, ಮನೆಯವರಿಗೆ ಮಲಬದ್ಧತೆ ಇರುವುದೇ ಎಷ್ಟೋ ಸಲ ತಿಳಿದಿರುವುದಿಲ್ಲ.

ಮೊದಲು ನಿಮ್ಮ ಮಕ್ಕಳ ವೈದ್ಯರನ್ನೇ ಕಾಣಿ. ಸಾಮಾನ್ಯವಾಗಿ ಒಂದು ಮೂತ್ರಪರೀಕ್ಷೆ ಸಾಕು, ಎಲ್ಲರಿಗೂ ಸ್ಕ್ಯಾನ್ ಬೇಕಾಗುವುದಿಲ್ಲ. ಆದರೆ ಹಗಲಿನಲ್ಲಿಯೂ ಚಡ್ಡಿ ಒದ್ದೆಯಾಗುವುದು, ಉರಿ, ಮೂತ್ರದ ಧಾರೆ ಸಣ್ಣಗಾಗುವುದು, ಅತಿಯಾದ ಬಾಯಾರಿಕೆಯೊಂದಿಗೆ ತೂಕ ಇಳಿಯುವುದು, ಜೋರಾದ ಗೊರಕೆ, ನಡಿಗೆಯಲ್ಲಿ ವ್ಯತ್ಯಾಸ, ಅಥವಾ ಆರು ತಿಂಗಳಿಗಿಂತ ಹೆಚ್ಚು ಕಾಲ ನಿಂತಿದ್ದು ಮತ್ತೆ ಶುರುವಾಗುವುದು ಕಂಡರೆ ತಡಮಾಡಬಾರದು. ಸರ್ಕಾರಿ ವ್ಯವಸ್ಥೆಯಲ್ಲಿ ಹೋಗುವುದಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ವಾಣಿವಿಲಾಸ ಆಸ್ಪತ್ರೆ ಇದೆ. ಮಗು ತೀರ ಕುಗ್ಗಿದ್ದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗದಲ್ಲಿಯೂ ತೋರಿಸಬಹುದು.

ಉತ್ತರ: ಯಲಹಂಕದ ತಂದೆ

ನಮ್ಮ ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ವೈದ್ಯರು ಅಲಾರಂ ಸೂಚಿಸಿದರು. ಒಳಉಡುಪಿಗೆ ಸಿಕ್ಕಿಸುವ ಸಣ್ಣ ಸೆನ್ಸರ್, ಭುಜದ ಬಳಿ ಬಟ್ಟೆಗೆ ಹಾಕುವ ಗಂಟೆ, ಇಷ್ಟೇ ಇದರಲ್ಲಿರುವುದು, ಆನ್‌ಲೈನಿನಲ್ಲಿ ಸಿಗುತ್ತದೆ. ತೇವ ತಗುಲಿದ ಕೂಡಲೇ ಹೊಡೆದುಕೊಳ್ಳುತ್ತದೆ. ಆರಂಭದ ವಾರಗಳಲ್ಲಿ ಮನೆಯವರೆಲ್ಲ ಏಳುತ್ತಾರೆ, ಮಗು ಮಾತ್ರ ಏಳುವುದಿಲ್ಲ! ಇದನ್ನು ನೋಡಿ ಉಪಯೋಗವಿಲ್ಲವೆಂದು ಕಪಾಟಿಗೆ ಸೇರಿಸಿದವರು ನನಗೆ ಗೊತ್ತಿದ್ದಾರೆ. ಆಗ ದೊಡ್ಡವರು ಹೋಗಿ ಮಗುವನ್ನು ಪೂರ್ತಿ ಎಚ್ಚರಗೊಳಿಸಿ, ಗಂಟೆಯನ್ನು ಅದರ ಕೈಯಿಂದಲೇ ನಿಲ್ಲಿಸಿ, ಬಚ್ಚಲಿಗೆ ಹೋಗಿ ಬಂದ ಮೇಲೆ ಬಟ್ಟೆ ಬದಲಿಸಿ ಮತ್ತೆ ಅಲಾರಂ ಹಾಕಬೇಕು. ನಾನು ಮತ್ತು ನನ್ನ ಪತ್ನಿ ಸರದಿಯಲ್ಲಿ ಎದ್ದೆವು. ಮೊದಲು ಕಂಡ ಬದಲಾವಣೆಯೆಂದರೆ ಒದ್ದೆಯಾಗುವ ಜಾಗ ಚಿಕ್ಕದಾಗುತ್ತಾ ಬಂದದ್ದು. ಎರಡನೆಯ ತಿಂಗಳಿನಲ್ಲಿ ಗಂಟೆಗೆ ತಾನೇ ಏಳತೊಡಗಿದಳು, ಕ್ರಮೇಣ ಗಂಟೆಗಿಂತ ಮೊದಲೇ ಏಳತೊಡಗಿದಳು.

ಸತತವಾಗಿ 14 ರಾತ್ರಿ ಒಣಗಿರುವವರೆಗೆ ನಿಲ್ಲಿಸಬಾರದೆಂದು ವೈದ್ಯರು ಹೇಳಿದ್ದರು. ಕ್ರಮವಾಗಿ ಉಪಯೋಗಿಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಇದರಿಂದ ಗುಣವಾಗುತ್ತದೆ. ಮತ್ತೆ ಮರುಕಳಿಸಿದರೆ ಅದೇ ಅಲಾರಂ ಅನ್ನು ಮತ್ತೆ ಹಾಕಬಹುದು. ಮನೆಯಲ್ಲಿ ಮದುವೆ, ಪರೀಕ್ಷೆ, ನೆಂಟರ ಗದ್ದಲ ಇರುವ ಕಾಲದಲ್ಲಿ ಶುರುಮಾಡಬೇಡಿ. ಮುಖ್ಯವಾಗಿ, ಮಗು ಒಪ್ಪಿದರೆ ಮಾತ್ರ ಮಾಡಿ. ನನಗೂ ಹೈಸ್ಕೂಲಿನವರೆಗೆ ಈ ತೊಂದರೆ ಇತ್ತೆಂದು ಮಗಳಿಗೆ ಹೇಳಿದ ದಿನವೇ ಅವಳು ಅಲಾರಂ ಕಟ್ಟಿಕೊಳ್ಳಲು ಒಪ್ಪಿದ್ದು.

ಉತ್ತರ: ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

ವೈದ್ಯೆಯವರು ನೀರಿನ ಬಾಟಲಿಯ ಬಗ್ಗೆ ಬರೆದದ್ದನ್ನು ಓದಿ ಒಂದು ಮಾತು ಸೇರಿಸಬೇಕೆನಿಸಿತು. ಮಕ್ಕಳು ನೀರು ಕುಡಿಯದಿರುವುದಕ್ಕೆ ಕಾರಣ ಬಹುಮಟ್ಟಿಗೆ ಶಾಲೆಯ ಶೌಚಾಲಯ. ಚಿಲಕವಿಲ್ಲದ ಬಾಗಿಲು, ಕೆಟ್ಟ ವಾಸನೆ, ಪಾಠದ ನಡುವೆ ಕೇಳಿದರೆ ಗದರಿಸುವ ಶಿಕ್ಷಕರು, ಬಿಡುವಿನಲ್ಲಿ ಉದ್ದನೆಯ ಸಾಲು. ಇಷ್ಟರ ನಡುವೆ ಎಂಟು ಗಂಟೆ ಕಾಲ ಮೂತ್ರವನ್ನು ಬಿಗಿಹಿಡಿದು ಮನೆಗೆ ಓಡುವ ಮಕ್ಕಳನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ತರಗತಿ ಶಿಕ್ಷಕರನ್ನು ಭೇಟಿಯಾಗಿ, ಎರಡು ಮೂರು ಗಂಟೆಗೊಮ್ಮೆ ಅವನು ಕೇಳದೆಯೇ ಹೋಗಿ ಬರಲು ಅನುಮತಿ ಪಡೆಯಿರಿ. ವೈದ್ಯರಿಂದ ಒಂದು ಸಾಲಿನ ಚೀಟಿ ತಂದರೆ ಯಾವ ಶಾಲೆಯೂ ನಿರಾಕರಿಸಲಾರದು.

ಪ್ರವಾಸಕ್ಕೆ ಖಂಡಿತ ಕಳುಹಿಸಿ. ಜೊತೆಗೆ ಹೋಗುವವರಲ್ಲಿ ಯಾರಿಗೆ ಹೇಳಬಹುದು ಎಂದು ಅವನನ್ನೇ ಕೇಳಿ. ಅವನು ಹೆಸರಿಸಿದ ಒಬ್ಬರಿಗೆ ಮಾತ್ರ ಹೇಳಿ. ಅವನ ಹಾಸಿಗೆ ಬಚ್ಚಲಿನ ಬಾಗಿಲಿಗೆ ಹತ್ತಿರವಿರಲಿ. ಸ್ವಂತ ಸ್ಲೀಪಿಂಗ್ ಬ್ಯಾಗ್, ಕಡುಬಣ್ಣದ ಪೈಜಾಮ, ಹೀರಿಕೊಳ್ಳುವ ಚಡ್ಡಿ, ಗಂಟು ಕಟ್ಟಬಹುದಾದ ಎರಡು ಪ್ಲಾಸ್ಟಿಕ್ ಚೀಲ ಇದ್ದರೆ ಸಾಕು. ಸ್ಲೀಪಿಂಗ್ ಬ್ಯಾಗಿನೊಳಗೇ ಚಡ್ಡಿ ಬದಲಿಸಿಕೊಳ್ಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ಆ ಶಿಕ್ಷಕರು ಬೆಳಿಗ್ಗೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಅವನನ್ನು ಎಬ್ಬಿಸಿದರೆ ಯಾರಿಗೂ ತಿಳಿಯುವುದಿಲ್ಲ. ನಾನು ಕರೆದೊಯ್ದ ಪ್ರವಾಸಗಳಲ್ಲಿ ಇಂತಹ ಮಕ್ಕಳಿದ್ದರು, ಜೊತೆಯ ಮಕ್ಕಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮರುಪ್ರಶ್ನೆ: ರಾಜಾಜಿನಗರದ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಟಲಿ ಮುಕ್ಕಾಲು ತುಂಬಿಯೇ ಮರಳುತ್ತಿದೆ. ವಿಚಾರಿಸಿದಾಗ, ಅವನು ಎರಡು ಮೂರು ದಿನಕ್ಕೊಮ್ಮೆ ಮಾತ್ರ ಕಕ್ಕಸಿಗೆ ಹೋಗುತ್ತಾನೆಂದೂ ನೋವಾಗುತ್ತದೆಂದೂ ಹೇಳಿದ. ಯಜಮಾನರಿಗೂ ಏಳನೆಯ ತರಗತಿಯವರೆಗೆ ಇದೇ ತೊಂದರೆ ಇತ್ತೆಂದು ಅತ್ತೆಯವರು ಈಗ ನೆನಪಿಸಿಕೊಂಡರು. ಡಾಕ್ಟರೇ, ಅಲಾರಂ ಈಗಲೇ ಶುರುಮಾಡಬಹುದೇ? ಪ್ರವಾಸದ ಎರಡು ದಿನಗಳಿಗೆ ಮಾತ್ರೆ ಕೊಡಬಹುದೇ?

ಉತ್ತರ: ಮಕ್ಕಳ ವೈದ್ಯೆ, ಜಯನಗರ

ಮೊದಲು ಮಲಬದ್ಧತೆಗೆ ಚಿಕಿತ್ಸೆಯಾಗಲಿ. ಅದೊಂದು ಸರಿಹೋದರೆ ರಾತ್ರಿಯ ತೊಂದರೆಯೂ ಕಡಿಮೆಯಾಗುವ ಮಕ್ಕಳಿದ್ದಾರೆ. ಪರಂಗಿಹಣ್ಣು, ಸೊಪ್ಪು, ಕಾಳು ಕೊಡಿ. ಬೆಳಗಿನ ತಿಂಡಿಯ ನಂತರ ಹತ್ತು ನಿಮಿಷ ಅವಸರವಿಲ್ಲದೆ ಕೂರಿಸಿ. ಕಮೋಡ್ ಆದರೆ ಕಾಲಡಿಗೆ ಒಂದು ಮಣೆ ಇಡಿ. ನೋವಿನಿಂದ ತಡೆಹಿಡಿಯುವ ಮಗುವಿಗೆ ಆಹಾರವೊಂದೇ ಸಾಕಾಗುವುದಿಲ್ಲ, ಮಲವನ್ನು ಮೆದುಗೊಳಿಸುವ ಔಷಧವನ್ನು ವೈದ್ಯರು ಕೆಲವು ತಿಂಗಳು ಕೊಡಬೇಕಾಗಬಹುದು. ಅದು ಹತೋಟಿಗೆ ಬಂದ ಮೇಲೂ ಒದ್ದೆಯಾಗುತ್ತಿದ್ದರೆ ಅಲಾರಂ ಶುರುಮಾಡಿ. ಡಿಸೆಂಬರಿನ ಒಳಗೆ ಪೂರ್ತಿ ಫಲ ಸಿಗದಿದ್ದರೂ ಚಿಂತೆಯಿಲ್ಲ.

ಪ್ರವಾಸಕ್ಕೆ ಡೆಸ್ಮೋಪ್ರೆಸಿನ್ ಮಾತ್ರೆಯನ್ನು ಪರಿಗಣಿಸಬಹುದು. ಮೇಲೆ ಹೇಳಿದ ಹಾರ್ಮೋನಿನ ಕೆಲಸವನ್ನೇ ಅದು ಮಾಡುತ್ತದೆ, ಕೊಟ್ಟ ರಾತ್ರಿಯೇ ಪರಿಣಾಮ ತೋರುತ್ತದೆ. ಆದರೆ ಎಲ್ಲ ಮಕ್ಕಳಿಗೂ ಫಲ ಕೊಡುವುದಿಲ್ಲ, ನಿಲ್ಲಿಸಿದ ಮೇಲೆ ತೊಂದರೆ ಮರಳುವುದೂ ಉಂಟು. ಆದ್ದರಿಂದ ಕೆಲವು ವಾರ ಮೊದಲೇ ವೈದ್ಯರ ಸಲಹೆಯಂತೆ ಮನೆಯಲ್ಲಿ ಕೊಟ್ಟು, ಎಷ್ಟು ಪ್ರಮಾಣ ಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮಾತ್ರೆ ನುಂಗುವ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಗುಟುಕು ನೀರಿಗಿಂತ ಹೆಚ್ಚು ಕುಡಿಯಬಾರದು. ಈ ನಿಯಮ ತಪ್ಪಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ವಾಂತಿಭೇದಿ ಅಥವಾ ಜ್ವರವಿರುವ ದಿನ ಮಾತ್ರೆ ಬೇಡ. ಇದೇ ತೊಂದರೆಗೆ ಹಿಂದೆ ಹೆಚ್ಚಾಗಿ ಕೊಡುತ್ತಿದ್ದ ಇಮಿಪ್ರಮಿನ್ ಮಾತ್ರೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದನ್ನು ಕೊಡಲೇಬೇಡಿ, ಮಕ್ಕಳ ಕೈಗೂ ಸಿಗದಂತೆ ಇಡಿ. ಪ್ರಮಾಣ ಮೀರಿದರೆ ಅದು ಹೃದಯಕ್ಕೆ ಅಪಾಯಕಾರಿ.

ಹಂಪಿಯಲ್ಲಿ ಹಗಲೆಲ್ಲ ಬಿಸಿಲಿನಲ್ಲಿ ನಡೆದ ಮಕ್ಕಳು ರಾತ್ರಿ ಊಟದ ಹೊತ್ತಿಗೆ ತುಂಬ ಬಾಯಾರಿರುತ್ತಾರೆ. ಅಲ್ಲಿ ಹಗಲಿನಲ್ಲಿಯೇ ಧಾರಾಳವಾಗಿ ನೀರು ಕುಡಿಸಬೇಕೆಂದೂ ಮಾತ್ರೆ ನುಂಗಿದ ಮೇಲೆ ಕೊಡಬಾರದೆಂದೂ ಒಂದು ಚೀಟಿಯಲ್ಲಿ ಬರೆದು, ನಿಮ್ಮ ದೂರವಾಣಿ ಸಂಖ್ಯೆಯೊಂದಿಗೆ, ಅವನು ಆರಿಸಿದ ಶಿಕ್ಷಕರ ಕೈಗೆ ಮಾತ್ರೆಯ ಜೊತೆಯಲ್ಲಿಯೇ ಕೊಡಿ.