ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಲ್ಯಾಪ್‌ಟಾಪ್ ಈಗ ಸಿಕ್ಕಾಪಟ್ಟೆ ಸ್ಲೋ. ಫಾರ್ಮ್ಯಾಟ್ ಮಾಡ್ಲಾ?

ಪ್ರಶ್ನೆ ಕೇಳಿದವರು:
ವಿಂಡೋಸ್ 11, 8 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್. ಎತ್ತಿಡುವಾಗ ಚೆನ್ನಾಗೇ ಓಡ್ತಿತ್ತು, ಆಮೇಲೆ ಯಾರೂ ಮುಟ್ಟಿಲ್ಲ. ಈಗ ಸ್ಟಾರ್ಟ್ ಮೆನು ತೆರೆಯೋಕೇ ಅರ್ಧ ನಿಮಿಷ ಬೇಕು, ಫ್ಯಾನ್ ಬೇರೆ ಒಂದೇ ಸಮ ಕೂಗ್ತಿದೆ. ಸುಮ್ಮನೆ ಇಟ್ಟಿದ್ದಕ್ಕೇ ಕೆಡುತ್ತಾ?

ಉತ್ತರ 1:
ಫಾರ್ಮ್ಯಾಟ್ ಬೇಡ, ತಡೀರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ. ಡಿಸ್ಕ್ ಕಾಲಂ ಮೇಲೆ ಕ್ಲಿಕ್ ಮಾಡಿದ್ರೆ ಮೇಲ್ಗಡೆ ಯಾವ ಹೆಸರು ಬರುತ್ತೆ?

ಪ್ರಶ್ನೆ ಕೇಳಿದವರು:
ಡಿಸ್ಕ್ 100%. ಮೇಲೆ ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್, ಅದರ ಕೆಳಗೆ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್.

ಉತ್ತರ 1:
ಹಾಗಾದ್ರೆ ಕೆಟ್ಟಿಲ್ಲ, ಬಾಕಿ ಕೆಲಸ ತೀರಿಸ್ತಿದೆ. ಮೊದಲನೇದು ಡಿಫೆಂಡರ್ (ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್) ಸ್ಕ್ಯಾನ್, ಎರಡನೇದು ಅಪ್‌ಡೇಟ್. ದಿನಾ ಬಳಸೋ ಯಂತ್ರದಲ್ಲಿ ನೀವು ಎದ್ದು ಹೋದಾಗೆಲ್ಲ ಇವು ಚೂರುಚೂರೇ ಮುಗೀತಿರುತ್ತೆ. ನಿಮ್ಮದರಲ್ಲಿ ಅಷ್ಟೂ ಒಟ್ಟಿಗೆ ಮುಗಿಬಿದ್ದಿದೆ. ಸರ್ಚ್ ಇಂಡೆಕ್ಸ್ (ಫೈಲ್ ಬೇಗ ಹುಡುಕೋಕೆ ಮಾಡಿಡೋ ಪಟ್ಟಿ), ಬ್ರೌಸರ್ ಅಪ್‌ಡೇಟ್, ಕ್ಲೌಡ್ ಸಿಂಕ್ ಕೂಡ ಸಾಲಲ್ಲಿ ಇರುತ್ತೆ. ಹಾರ್ಡ್‌ಡಿಸ್ಕ್‌ನಲ್ಲಿ ಓದೋ-ಬರೆಯೋ ಹೆಡ್ ಒಂದೊಂದು ಸಣ್ಣ ಫೈಲಿಗೂ ಜಾಗ ಬದಲಿಸಬೇಕು. ಸೆಕೆಂಡಿಗೆ ನೂರು ಚಿಲ್ಲರೆ ಸಲ ಬದಲಿಸಿದ್ರೆ ಅದೇ ಹೆಚ್ಚು. ತಿರುಗೋ ಭಾಗಗಳೇ ಇಲ್ಲದ ಎಸ್‌ಎಸ್‌ಡಿ ಡ್ರೈವ್ ಇದ್ದಿದ್ರೆ ಇಷ್ಟು ಒದ್ದಾಡ್ತಿರಲಿಲ್ಲ.

ಚಾರ್ಜರ್ ಹಾಕಿ, ನೆಟ್ ಆನ್ ಇರಲಿ, ಪವರ್ ಸೆಟ್ಟಿಂಗ್ಸಲ್ಲಿ ಸ್ಲೀಪ್ ಅನ್ನು "ನೆವರ್"ಗೆ ಇಟ್ಟು ರಾತ್ರಿಯಿಡೀ ಬಿಟ್ಟುಬಿಡಿ. ಬೇಸರ ಅಂತ ಮಧ್ಯೆ ಪವರ್ ಬಟನ್ ಒತ್ತಿ ಆಫ್ ಮಾಡ್ಬೇಡಿ, ನಿಜವಾಗಿ ಕೆಡೋದು ಆಗಲೇ. ಬೆಳಿಗ್ಗೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ಕರ್ನಲ್ (ವಿಂಡೋಸ್‌ನ ಒಳತಿರುಳು) ಹಳೇ ಸ್ಥಿತಿಯಲ್ಲೇ ಎದ್ದೇಳುತ್ತೆ.

ಉತ್ತರ 2:
ದಿನಾಂಕನೂ ನೋಡ್ಕೊಳ್ಳಿ. ಬ್ಯಾಟರಿ ಪೂರ್ತಿ ಇಳಿದು ಗಡಿಯಾರ ಹಿಂದೆ ಹೋಗಿದ್ರೆ ಸೆಕ್ಯುರಿಟಿ ಸರ್ಟಿಫಿಕೇಟ್ ತಾಳೆಯಾಗಲ್ಲ, ಅಪ್‌ಡೇಟ್ ಡೌನ್‌ಲೋಡೇ ಆಗ್ದೆ ಮತ್ತೆ ಮತ್ತೆ ಪ್ರಯತ್ನಿಸ್ತಾ ಕೂತಿರುತ್ತೆ. ಇನ್ನೊಂದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಕಡಿಮೆ ಇದ್ದೂ ನಿಧಾನ ಅಂದ್ರೆ ಅದರದೇ ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಸಿಪಿಯು ಸ್ಪೀಡ್ ನೋಡಿ. 1 ಗಿಗಾಹರ್ಟ್ಸ್ ಒಳಗೇ ಸಿಕ್ಕಿಹಾಕ್ಕೊಂಡಿದ್ರೆ ನನಗೆ ಅನುಮಾನ ಚಾರ್ಜರ್ ಮೇಲೆ. ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರ್ ಗುರುತು ಸಿಗದಿದ್ರೆ ವೇಗ ಇಳಿಸಿಬಿಡುತ್ತೆ.

ಪ್ರಶ್ನೆ ಕೇಳಿದವರು:
ದಿನಾಂಕ ತಪ್ಪೇ ಇತ್ತು, ಸರಿ ಮಾಡಿ ರಾತ್ರಿ ಬಿಟ್ಟೆ. ರೀಸ್ಟಾರ್ಟ್ ಆದ್ಮೇಲೆ ಡಿಸ್ಕ್ 5% ಆಸುಪಾಸು, ಸ್ಟಾರ್ಟ್ ಮೆನು ಒತ್ತಿದ ತಕ್ಷಣ ಬರುತ್ತೆ. ಎಸ್‌ಎಸ್‌ಡಿ ಹಾಕೋದಾದ್ರೆ ಯಾವುದು?

ಉತ್ತರ 1:
ಹಾರ್ಡ್‌ಡಿಸ್ಕ್ ಜಾಗಕ್ಕೆ 2.5 ಇಂಚಿನ ಸಾಟಾ (ಹಾರ್ಡ್‌ಡಿಸ್ಕ್ ಥರದ್ದೇ ಕನೆಕ್ಟರ್) ಎಸ್‌ಎಸ್‌ಡಿ ಕೂರುತ್ತೆ. ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರೋ ಜಾಗ) ಇದ್ರೆ ಅದರಲ್ಲಿ ಎಸ್‌ಎಸ್‌ಡಿ ಹಾಕಿ ಹಳೇ ಹಾರ್ಡ್‌ಡಿಸ್ಕನ್ನೂ ಇಟ್ಕೋಬಹುದು. ಮಾಡೆಲ್ ನಂಬರ್ ಹಾಕಿ, ನೋಡಿ ಹೇಳ್ತೀನಿ.